ಶುಚಿತ್ವದ ಪಾಠ: ಮೊಬೈಲ್‌ನಲ್ಲೋ, ತರಗತಿಯಲ್ಲೋ?

ಮನೆಯಲ್ಲೇ ಊಟದ ಡಬ್ಬಿ ಮಾಡಿಕೊಡುವ ಯೋಚನೆ ಇದೆಯಾ? ಎಫ್‌ಎಸ್‌ಎಸ್‌ಎಐ ನೋಂದಣಿಯ ಜೊತೆಗೆ, ಅದು 2017ರಲ್ಲಿ ಶುರುಮಾಡಿದ ‘ಫೋಸ್ಟ್ಯಾಕ್’ ತರಬೇತಿಯನ್ನೂ ಪಡೆಯಿರಿ. ಆನ್‌ಲೈನ್‌ನಲ್ಲೂ ಇದೆ, ತರಗತಿಯಲ್ಲೂ ಇದೆ.

‘ಕುಕ್ಕರ್ ಇಟ್ಟು ಮೊಬೈಲ್‌ನಲ್ಲೇ ಕೇಳಿದರಾಯ್ತು ಬಿಡಿ’ ಅಂತೀರಾ? 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಹೆಚ್ಚುತ್ತವೆ ಎಂಬುದನ್ನು ಮೊಬೈಲೂ ಹೇಳಿಕೊಡುತ್ತದೆ. ಆದರೆ ನಿಮ್ಮ ಉಗುರಿನ ಸಂದಿಯಲ್ಲಿ ಉಳಿದ ಹಿಟ್ಟು ಅದಕ್ಕೆ ಕಾಣದು. ಕಟ್ಟೆ ಒರೆಸಿದ ಬಟ್ಟೆಯಲ್ಲೇ ಡಬ್ಬಿಯನ್ನೂ ಒರೆಸಬಹುದಾ ಎಂಬ ಅನುಮಾನವನ್ನು ಎದುರಿಗಿರುವವರನ್ನು ಕೇಳುವುದೇ ಸುಲಭ.

ಹಾಗಾಗಿ ಮೊದಲ ಸಲ ತರಗತಿಗೇ ಹೋಗಿ. ಕೈ ತೊಳೆದು ತೋರಿಸಿ, ತಿದ್ದಿಸಿಕೊಳ್ಳಿ. ಮುಂದೆ ನೆನಪು ಮಾಡಿಕೊಳ್ಳಲು ಆನ್‌ಲೈನ್ ಸಾಕು. ಪುಟ್ಟ ಮಗುವನ್ನು ಬಿಟ್ಟು ಹೊರಡಲಾಗದವರು ಆನ್‌ಲೈನ್‌ನಲ್ಲೇ ಕಲಿಯಿರಿ. ಅಂದಿನ ಪಾಠವನ್ನು ಅಂದೇ ಅಡುಗೆಮನೆಯಲ್ಲಿ ಮಾಡಿ ನೋಡಿ. ನಿಮ್ಮನ್ನು ನಂಬಿ ಡಬ್ಬಿ ತೆರೆಯುವವರಿಗೆ ಬೇಕಿರುವುದು ಸರ್ಟಿಫಿಕೇಟಲ್ಲ, ಶುಚಿಯಾದ ಊಟ ಅಲ್ಲವೇ?