ಇಂಚು ನೋಡಬೇಡಿ, ಅಗಲ ನೋಡಿ

"ಗುರುಜಿ, ದೊಡ್ಡ ಸ್ಕ್ರೀನಿನ ಮೊಬೈಲು ಯಾವುದು ತಗೊಳ್ಳೋಣ?" ಅಂತ ಅಕ್ಕಲಕೋಟದ ಪಾಲಕರು ನಮ್ಮನ್ನು ಆಗಾಗ ಕೇಳುತ್ತಾರೆ. ಕಂಪನಿ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಕನ್ನಡ ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಎಂಥ ಸ್ಕ್ರೀನ್ ಬೇಕು ಎಂಬ ಬಗ್ಗೆ ನಮ್ಮದೂ ಒಂದು ಅಭಿಪ್ರಾಯವಿದೆ.

ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವುದೇ ಒಂದು ದೊಡ್ಡ ಮೊಬೈಲು. ಅಪ್ಪನಿಗೆ ಅದು ಫೋನು, ಅವ್ವನಿಗೆ ಟಿವಿ, ಮಗಳಿಗೆ ಪುಸ್ತಕ! 2020ರ ಲಾಕ್‌ಡೌನಿನಲ್ಲಿ ಇದು ಎಲ್ಲರಿಗೂ ಗೊತ್ತಾಯಿತು. ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅಚ್ಚು ಹಾಕುತ್ತದೆ, ಅವುಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದ ರಣಜಿತಸಿಂಹ ಡಿಸಲೆ ಗುರುಜಿಯವರೂ ಆಗ ಇದೇ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಶಾಲೆಯಲ್ಲಿದ್ದವರು. ಹೀಗಿರುವಾಗ ದೊಡ್ಡ ಸ್ಕ್ರೀನ್ ಬೇಕೆನ್ನುವುದನ್ನು ಶೋಕಿ ಅನ್ನಲಾಗದು.

ಆದರೆ ದೊಡ್ಡದು ಅಂದರೆ ಏನು? ಅಂಗಡಿಯವರು ಹೇಳುವ ಇಂಚು ಸ್ಕ್ರೀನಿನ ಕರ್ಣದ ಅಳತೆ, ಅಗಲದ್ದಲ್ಲ. 2015-16ರ ಸುಮಾರಿಗೆ ಬರುತ್ತಿದ್ದ 5.5 ಇಂಚಿನ ಫೋನುಗಳ ಉದ್ದ-ಅಗಲದ ಪ್ರಮಾಣ 16:9. ಪೈಥಾಗೊರಸನ ಲೆಕ್ಕ ಹಾಕಿದರೆ ಸ್ಕ್ರೀನಿನ ಅಗಲ ಸುಮಾರು 6.8 ಸೆಂಟಿಮೀಟರ್. ಈಗಿನ 6.5 ಇಂಚಿನ, 20:9 ಪ್ರಮಾಣದ ಫೋನಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ! ಒಂದು ಇಂಚು ಹೆಚ್ಚಾಯಿತು, ಸಾಲು ಮಾತ್ರ ಅಗಲವಾಗಲಿಲ್ಲ. ಫೋನು ಬರೀ ಎತ್ತರಕ್ಕೆ ಬೆಳೆದಿದೆ.

ಮರಾಠಿ ಓದುವವರಿಗಿಂತ ನಮಗೆ ಇದು ಸ್ವಲ್ಪ ಹೆಚ್ಚು ತ್ರಾಸು. 'ಸ್ವಾತಂತ್ರ್ಯ' ಎಂಬ ಒಂದೇ ಶಬ್ದ ನೋಡಿ. ಮರಾಠಿಯಲ್ಲಿ ಅಕ್ಷರಗಳು ಹೆಚ್ಚಾಗಿ ಅಕ್ಕಪಕ್ಕ ಕೂಡಿಕೊಳ್ಳುತ್ತವೆ, ಕನ್ನಡದಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಪುಟ ಕುಗ್ಗಿದರೆ ಮೊದಲು ಕಾಣದಾಗುವುದು ಆ ಒತ್ತುಗಳೇ. ಮೂರನೆಯ ತರಗತಿಯ ಮಗು ಒತ್ತು ಕಾಣದೆ ತಪ್ಪು ಓದಿದರೆ ತಪ್ಪು ಯಾರದು, ನೀವೇ ಹೇಳಿ?

ಹಾಗಂತ ಉದ್ದನೆಯ ಫೋನು ಕೆಲಸಕ್ಕೆ ಬಾರದ್ದೇನಲ್ಲ. ಅದನ್ನು ಅಡ್ಡ ಹಿಡಿಯಿರಿ. ಆ 6.5 ಇಂಚಿನ ಫೋನಿನಲ್ಲಿ ಸಾಲಿಗೆ 15 ಸೆಂಟಿಮೀಟರ್ ಜಾಗ ಸಿಗುತ್ತದೆ, ಹಳೆಯದರಲ್ಲಿ ಸಿಗುತ್ತಿದ್ದದ್ದು 12. ಪಾಠ ಓದಲು ಇದೇ ಒಳ್ಳೆಯ ದಾರಿ, ಮಕ್ಕಳಿಗೆ ರೂಢಿ ಮಾಡಿಸಿ.

ಇನ್ನು ಸೊಲ್ಲಾಪುರದ ನವಿ ಪೇಠಕ್ಕೆ ಮೊಬೈಲು ತರಲು ಹೋದಾಗ ಕ್ಯಾಮೆರಾ ಆಮೇಲೆ ನೋಡಿ. ಮೊದಲು ಬಾಲಭಾರತಿಯ ಕನ್ನಡ ಪುಸ್ತಕದ ಒಂದು ಪುಟ ತೆರೆಯಿರಿ. ಬಾಗಿಲ ಹೊರಗೆ ಬಿಸಿಲಿಗೆ ಬಂದು ಓದಿ ನೋಡಿ. ಅಡ್ಡ ಹಿಡಿದಾಗ ಒತ್ತುಗಳು ಸ್ಪಷ್ಟವಾಗಿ ಕಾಣಬೇಕು. ಕೀಬೋರ್ಡಿನಲ್ಲಿ ಮರಾಠಿಯ ಜೊತೆ ಕನ್ನಡವನ್ನೂ ಅಲ್ಲೇ ಹಾಕಿಸಿಕೊಳ್ಳಿ. ಬೆಲೆಯಲ್ಲಿ ಸಾವಿರ-ಎರಡು ಸಾವಿರ ಉಳಿದರೆ ಇಂಟರ್ನೆಟ್ ರಿಚಾರ್ಜಿಗೆ ಇಟ್ಟುಕೊಳ್ಳಿ.

ಕೊನೆಗೊಂದು ಮಾತು. ಮೊಬೈಲು ಆರಿಸುವಾಗ ಅಂಗಡಿಗೆ ಅಪ್ಪ, ದೊಡ್ಡ ಮಗ ಇಬ್ಬರೇ ಹೋಗುತ್ತಾರೆ. ಅದರಲ್ಲಿ ಓದಬೇಕಾದವಳು ಮನೆಯಲ್ಲೇ ಇರುತ್ತಾಳೆ. ಈ ಸಲ ಅವಳನ್ನೂ ಕರೆದುಕೊಂಡು ಹೋಗಿ, ಫೋನು ಅವಳ ಕೈಗೆ ಕೊಟ್ಟು ಒಂದು ಪುಟ ಓದಿಸಿ. ಅವಳು ತಡವರಿಸದೆ ಓದಿದರೆ ಅದೇ ನಿಮ್ಮ ಮನೆಗೆ ತಕ್ಕ ಸ್ಕ್ರೀನು.