ಅಂಗಮಾರಿಗೆ ಪಾಸ್‌ಪೋರ್ಟ್ ಬೇಕಿಲ್ಲ

ಹಾಸನದ ಕಾಲೇಜಿನಲ್ಲಿ ನಾವು ನಾಲ್ಕು ಜನ ಗೆಳತಿಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದಿದ್ದೇ ಕಡಿಮೆ. ಶನಿವಾರ ಯಾರು ಯಾವ ಊರಿನ ಬಸ್ ಹತ್ತುತ್ತಿದ್ದರೋ ಅದೇ ಅವರ ಹೆಸರು. ಅರಕಲಗೂಡಿನವಳು 'ಗೂಡು', ಹೊಳೆನರಸೀಪುರದವಳು 'ಹೊಳೆ', ಚನ್ನರಾಯಪಟ್ಟಣದವಳು 'ಪಟ್ಣ'. ನಾನು ಹಾಸನದ ಪಕ್ಕದ ಹಳ್ಳಿಯವಳು, ಹಾಗಾಗಿ 'ಲೋಕಲ್ಲು'.

ಕಳೆದ ಜುಲೈನಲ್ಲಿ ಈ ನಾಲ್ಕೂ ಬಸ್ಸು ಒಂದೇ ಬಾಡಿಗೆ ಕಾರಿನಲ್ಲಿ ಕೂತು ಐರ್ಲೆಂಡ್ ಸುತ್ತಿದವು. ಹೊಳೆ ಅಲ್ಲೇ ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. "ಬರ್ರೇ, ಇನ್ನು ಮಕ್ಕಳು ಮರಿ ಅಂತ ಆದ್ರೆ ಮುಗೀತು" ಅಂತ ಎರಡು ವರ್ಷದಿಂದ ಕರೀತಿದ್ದಳು. ಹೋಗಬೇಕೆನ್ನುವವರಿಗೆ ಒಂದು ಮಾತು: ಐರ್ಲೆಂಡ್‌ಗೆ ಷೆಂಗೆನ್ ವೀಸಾ ನಡೆಯಲ್ಲ, ಬೇರೆಯದೇ ಮಾಡಿಸಬೇಕು. ಡ್ರೈವಿಂಗ್ ನಮ್ಮ ಹಾಗೇ ಎಡಗಡೆ. ಆದರೆ ಹಳ್ಳಿ ರಸ್ತೆಗಳು ನಮ್ಮೂರ ಕೆರೆ ಏರಿಯಷ್ಟೇ ಅಗಲ. ಎದುರು ವಾಹನ ಬಂದರೆ ಯಾರಾದರೊಬ್ಬರು ಹಿಂದೆ ಹೋಗಲೇಬೇಕು. ದಾರಿ ಬಿಟ್ಟರೆ ಎದುರಿನವರು ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ಅದೇ ಥ್ಯಾಂಕ್ಸು. ಎರಡನೇ ದಿನದ ಹೊತ್ತಿಗೆ ಪಟ್ಣ ಕೂಡ ಬೆರಳೆತ್ತಲು ಶುರು ಮಾಡಿದ್ದಳು.

ಗಾಲ್ವೇಯಿಂದ ಹೊರಟು ಕಾನೆಮಾರಾ ದಾಟುತ್ತಿದ್ದೆವು. ಮಣ್ಣು ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು, ಬೆನ್ನಿಗೆ ನೀಲಿ ಕೆಂಪು ಬಣ್ಣ ಬಳಿಸಿಕೊಂಡ ಕುರಿಗಳು, ಬಿಡದೆ ತುಂತುರು. ರೇಡಿಯೋದಲ್ಲಿ ಹವಾಮಾನ ವರದಿ ಬಂತು. ಕೊನೆಗೆ ಆಲೂಗಡ್ಡೆ ಬ್ಲೈಟ್ ಎಚ್ಚರಿಕೆ! "ಆಲೂಗಡ್ಡೆಗೂ ವಾರ್ನಿಂಗಾ" ಅಂತ ನಕ್ಕೆವು. ಗೂಡು ಮಾತ್ರ ನಗಲಿಲ್ಲ. "ಬ್ಲೈಟ್ ಅಂದ್ರೆ ಅಂಗಮಾರಿ ಕಣ್ರೇ" ಅಂದಳು.

ನನ್ನ ನಗು ನಿಂತಿತು. ನಮ್ಮಪ್ಪ ಆ ವರ್ಷವೂ ಎರಡು ಎಕರೆಗೆ ಆಲೂಗಡ್ಡೆ ಹಾಕಿದ್ದರು. ಮೇ ಕೊನೆಗೆ ಪಂಜಾಬಿನ ಬಿತ್ತನೆ ಗೆಡ್ಡೆ ತಂದು ಬಿತ್ತುವುದು, ಜುಲೈನಲ್ಲಿ ಮೋಡ ಕವಿದರೆ ನಿದ್ದೆಗೆಡುವುದು, ಪ್ರತಿ ವರ್ಷ ಇದೇ ಕಥೆ. ಸುತ್ತಮುತ್ತ ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ಹೋಗಿದ್ದಾರೆ. "ಶುಂಠಿಯವರಿಗೆ ಗುತ್ತಿಗೆ ಕೊಟ್ಬಿಡಿ, ಇಲ್ಲಾ ಮಾರ್ಬಿಡಿ, ನಾನು ದುಡ್ಡು ಕಳಿಸ್ತೀನಲ್ಲ" ಅಂತ ನಾನು ಮೂರು ವರ್ಷದಿಂದ ಹೇಳುತ್ತಲೇ ಇದ್ದೆ. ಹೊರಡುವ ಮುಂಚೆಯೂ ಇದೇ ಮಾತಿಗೆ ಜಗಳ ಆಗಿತ್ತು. ಏರ್‌ಪೋರ್ಟಿಗೆ ಅಮ್ಮ ಫೋನ್ ಮಾಡಿದರು, ಅಪ್ಪ ಮಾಡಲಿಲ್ಲ.

ಕಿಲ್ಲರಿ ಅನ್ನುವ ಕಡಲ ಚಾಚಿನ ಪಕ್ಕ ಕಾರು ನಿಲ್ಲಿಸಿದಾಗ ಎದುರು ಬೆಟ್ಟದ ಹುಲ್ಲಿನ ಅಡಿಯಲ್ಲಿ ಬಾಚಣಿಗೆ ಎಳೆದ ಹಾಗೆ ಗೆರೆಗಳು. ಹಳೇ ಆಲೂಗಡ್ಡೆ ಸಾಲುಗಳು ಅವು ಅಂತ ಹೊಳೆ ಹೇಳಿದಳು. 1845ರಲ್ಲಿ ಅಂಗಮಾರಿ ಬಂದಾಗ ಅಲ್ಲಿನ ಬಡವರು ಹೆಚ್ಚುಕಡಿಮೆ ಆಲೂಗಡ್ಡೆಯನ್ನೇ ಉಂಡು ಬದುಕುತ್ತಿದ್ದರು, ಅದರಲ್ಲೂ ಹೆಚ್ಚಿನವರದ್ದು ಒಂದೇ ತಳಿ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಗೊತ್ತಾಗಿದ್ದೇ ನಲವತ್ತು ವರ್ಷ ಆದಮೇಲೆ. ಏಳು ವರ್ಷದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷ ಇದ್ದ ಆ ದ್ವೀಪದ ಜನಸಂಖ್ಯೆ ಇವತ್ತಿಗೂ ಅಷ್ಟಾಗಿಲ್ಲ. ರೋಗ ತಂದಿದ್ದು ತೇವದ ಗಾಳಿ. ಹಸಿವು ಹೆಚ್ಚಿಸಿದ್ದು ಆಳುವವರು. ಜನ ಸಾಯುತ್ತಿದ್ದಾಗಲೂ ಧಾನ್ಯ, ಬೆಣ್ಣೆ ಬ್ರಿಟನ್‌ಗೆ ಹೋಗುತ್ತಲೇ ಇತ್ತು.

ಮುಂದೆ ಡೂಲಾಕ್ ಕಣಿವೆ. ಎರಡೂ ಕಡೆ ಬೋಳು ಬೆಟ್ಟ, ಮಧ್ಯೆ ಕಪ್ಪು ಕೆರೆ, ಪಕ್ಕದಲ್ಲಿ ಒಂದು ಕಲ್ಲಿನ ಶಿಲುಬೆ. 1849ರ ಮಾರ್ಚ್ ಕೊನೆಯಲ್ಲಿ ಲೂಯಿಸ್‌ಬರ್ಗ್‌ನಲ್ಲಿ ನೂರಾರು ಜನ ಪರಿಹಾರಕ್ಕೆ ಕಾದಿದ್ದರು. ಪರೀಕ್ಷೆ ಮಾಡುತ್ತೇವೆ, ನಾಳೆ ಬೆಳಿಗ್ಗೆ ಡೆಲ್ಫಿಗೆ ಬನ್ನಿ ಎಂದರಂತೆ ಅಧಿಕಾರಿಗಳು. ಸುಮಾರು 19 ಕಿಲೋಮೀಟರ್. ಚಳಿಯಲ್ಲಿ ನಡೆದು ಹೋದವರಿಗೆ ಅಲ್ಲಿ ಏನೂ ಸಿಗಲಿಲ್ಲ. ವಾಪಸ್ ಬರುವಾಗ ದಾರಿಯಲ್ಲೇ ಎಷ್ಟೋ ಜನ ಬಿದ್ದು ಸತ್ತರು. ಆ ಸ್ಮಾರಕದ ಮೇಲೆ ಯಾರ ಮಾತು ಕೆತ್ತಿದ್ದಾರೆ ಗೊತ್ತಾ? ನಮ್ಮ ಗಾಂಧೀಜಿಯವರದ್ದು. ಬೇರೆಯವರನ್ನು ಅವಮಾನಿಸಿ ಮನುಷ್ಯ ತಾನು ಹೇಗೆ ಗೌರವ ಪಡೆದೆ ಅಂದುಕೊಳ್ಳುತ್ತಾನೆ ಅನ್ನುವ ಅರ್ಥದ ಮಾತು. ನಾಲ್ಕು ಜನವೂ ಸೆಲ್ಫಿ ತೆಗೆಯದೆ ಕಾರು ಹತ್ತಿದೆವು.

ಕಣಿವೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಲೂಯಿಸ್‌ಬರ್ಗ್ ತಲುಪುತ್ತಿದ್ದಂತೆ ಫೋನ್ ಕುಯ್ಯೋ ಅಂತು. ಅಪ್ಪನ ಮೂರು ಮಿಸ್ಡ್ ಕಾಲ್, ಒಂದು ಫೋಟೋ. ಅಪ್ಪನ ಹೆಬ್ಬೆರಳು, ಅದರ ಮೇಲೆ ಒಂದು ಎಲೆ, ಅಂಚಿನಲ್ಲಿ ಕಪ್ಪು ಮಚ್ಚೆ. ಕೆಳಗೆ ಒಂದೇ ಸಾಲು: "ಬಂತು ಮಗ."

ಫೋನ್ ಮಾಡಿದೆ. 'ನಾನು ಹೇಳಿರಲಿಲ್ವಾ' ಅನ್ನೋದು ನಾಲಿಗೆ ತುದಿಗೇ ಬಂದಿತ್ತು. ನುಂಗಿಕೊಂಡೆ. ಏನು ಹೇಳಬೇಕೋ ತಿಳಿಯದೆ "ಮಳೆ ಇದ್ಯಾ" ಅಂತ ಕೇಳಿ ಇಟ್ಟುಬಿಟ್ಟೆ.

ರಾತ್ರಿ ಉಳಿದುಕೊಂಡ ಮನೆಯ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಹಿತ್ತಲಲ್ಲಿ ನಾಲ್ಕು ಸಾಲು ಆಲೂಗಡ್ಡೆ. ಅವರಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡವರೇ "ಬ್ಲೈಟ್" ಅಂದರು. ಯಾವ ದೇಶ, ಯಾರ ಹೊಲ, ಒಂದೂ ಕೇಳಲಿಲ್ಲ. "ನಿಮ್ಮಪ್ಪ ಎಷ್ಟು ದಿನಕ್ಕೊಮ್ಮೆ ಸ್ಪ್ರೇ ಮಾಡ್ತಾರೆ?" ಅಂತ ಮಾತ್ರ ಕೇಳಿದರು.

ನನಗೆ ಗೊತ್ತಿರಲಿಲ್ಲ. ಆ ಆಲೂಗಡ್ಡೆ ದುಡ್ಡಲ್ಲೇ ಇಂಜಿನಿಯರಿಂಗ್ ಓದಿದವಳು ನಾನು. ಜಮೀನು ಮಾರಿ ಅಂತ ಮೂರು ವರ್ಷ ಹೇಳಿದವಳಿಗೆ ಅದರ ಒಂದು ಲೆಕ್ಕವೂ ಗೊತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿ ಅದನ್ನೇ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಶುರು ಮಾಡಿದವರು ನಲವತ್ತು ನಿಮಿಷ ನಿಲ್ಲಿಸಲಿಲ್ಲ: ಔಷಧಿ ರೇಟು, ಆಳಿನ ಕೂಲಿ, ಎಲೆಯ ಅಡಿಗೂ ಸ್ಪ್ರೇ ಬೀಳಬೇಕು ಅನ್ನೋದು, ಹೋದ ಸಲ ಎಷ್ಟು ಮೂಟೆ. ಕೊನೆಗೆ ಕೇಳಿದರು, "ಅಲ್ಲೂ ಅಂಗಮಾರಿ ಬರ್ತದಾ?"

"ರೇಡಿಯೋದಲ್ಲಿ ಹೇಳ್ತಾರಪ್ಪ."

"ನೋಡು, ಅಷ್ಟು ಮರ್ಯಾದೆ ಅದಕ್ಕೆ" ಅಂತ ನಕ್ಕರು.

ಆ ವರ್ಷ ಅರ್ಧ ಬೆಳೆ ಕೈಗೆ ಬಂತು. ಮುಂದಿನ ವರ್ಷ ಆಲೂಗಡ್ಡೆಯೋ, ಜೋಳವೋ ಇನ್ನೂ ತೀರ್ಮಾನ ಆಗಿಲ್ಲ. ಬೇಡ ಅನ್ನೋದಾದರೂ ಈ ಸಲ ಲೆಕ್ಕ ಹಾಕಿಕೊಂಡೇ ಅನ್ನುತ್ತೇನೆ. ಊರಿಗೆ ಹೋದಾಗ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತೇನೆ. ಕಾಲುದಾರಿಯಲ್ಲಿ ಎದುರು ಯಾರಾದರೂ ಬಂದರೆ ಅಭ್ಯಾಸಬಲದಿಂದ ಒಂದು ಬೆರಳೆತ್ತುತ್ತೇನೆ. "ಏನವ್ವಾ ಅದು?" ಅಂತ ಕೇಳುತ್ತಾರೆ.