ಹೈದರನೂ ಖಂಡೇರಾಯನೂ

ಚಾಮರಾಜಪೇಟೆಯಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗುವವರ ಕಣ್ಣಿಗೆ ಹಳೆಯ ಕಲ್ಲುಕೋಟೆಯ ತುಂಡೊಂದು ಬೀಳದೆ ಇರದು. 1791ರಲ್ಲಿ ಕಾರ್ನ್‌ವಾಲಿಸನು ಈ ಕೋಟೆಯನ್ನು ಹಿಡಿದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಅದಕ್ಕೆ ಮೂವತ್ತು ವರ್ಷ ಮೊದಲು, ಕೋಟೆಯು ಇನ್ನೂ ಮಣ್ಣಿನದಾಗಿದ್ದಾಗ, ಮೈಸೂರಿನವರೇ ಮೈಸೂರಿನವರೊಡನೆ ಕಾದಿದ ಕಲಹವೊಂದು ಇಲ್ಲಿ ತಿರುಗಿಕೊಂಡಿತೆಂಬುದನ್ನು ಬಲ್ಲವರು ಕಡಮೆ.

ಆಗ ಸಿಂಹಾಸನದಲ್ಲಿದ್ದವರು ಇಮ್ಮಡಿ ಕೃಷ್ಣರಾಜ ಒಡೆಯರು. ಹೆಸರು ಅರಸರದು, ಅಧಿಕಾರವು ದಳವಾಯಿ ಕಳಲೆಯ ನಂಜರಾಜಯ್ಯನದು. ಸಂಬಳವಿಲ್ಲದೆ ದಂಡು ದಂಗೆಯೆದ್ದಾಗ ಅದನ್ನು ತೀರಿಸಿ ಮೇಲೇರಿದವನು ಹೈದರ್ ಅಲಿ. ಓದುಬರಹವಿಲ್ಲದ ಹೈದರನಿಗೆ ಲೆಕ್ಕಪತ್ರದ ಕಣ್ಣಾಗಿದ್ದವನು ಖಂಡೇರಾಯನೆಂಬ ಬ್ರಾಹ್ಮಣ. ಇವರಿಬ್ಬರೂ ಸೇರಿ ನಂಜರಾಜಯ್ಯನನ್ನು ಕೆಳಗಿಳಿಸಿದರು, ಖಂಡೇರಾಯನು ಪ್ರಧಾನನಾದನು. ದಳವಾಯಿಯ ಹಿಡಿತ ತಪ್ಪಿತೆಂದು ನೆಮ್ಮದಿಗೊಂಡ ಅರಮನೆಯು, ಅದಕ್ಕಿಂತ ಬಿಗಿಯಾದ ಕೈಯೊಂದು ತನ್ನ ಮೇಲೆ ಬಿದ್ದಿದೆಯೆಂದು ಬೇಗನೆ ಕಂಡುಕೊಂಡಿತು. ರಾಣಿವಾಸವು ಖಂಡೇರಾಯನನ್ನು ತನ್ನ ಕಡೆಗೆ ಒಲಿಸಿಕೊಂಡಿತು.

1760ರ ಆಗಸ್ಟ್ ತಿಂಗಳಲ್ಲಿ, ಹೈದರನ ಸೈನ್ಯದ ಬಹುಭಾಗವು ಫ್ರೆಂಚರ ನೆರವಿಗಾಗಿ ಪುದುಚೇರಿಯ ಕಡೆಗೆ ಹೋಗಿದ್ದಿತು. ಒಂದು ಬೆಳಗ್ಗೆ ಶ್ರೀರಂಗಪಟ್ಟಣದ ಕೋಟೆಯ ಫಿರಂಗಿಗಳು ಹೊರಗೆ ಬೀಡುಬಿಟ್ಟಿದ್ದ ಹೈದರನ ಪಾಳೆಯದ ಮೇಲೆಯೇ ಗುಂಡು ಸುರಿಸಿದುವು. ಏನಿದೆಂದು ವಿಚಾರಿಸಲು ಅವನು ಖಂಡೇರಾಯನಿಗೇ ಹೇಳಿಕಳುಹಿಸಿದನು. ಗುಂಡು ಹಾರಿಸಲು ಅಪ್ಪಣೆ ಕೊಡುತ್ತಿದ್ದವನೂ ಅವನೇ ಎಂದು ತಿಳಿದುಬಂದಿತು!

ಆ ರಾತ್ರಿ ಹೈದರನು ಮಡದಿಮಕ್ಕಳನ್ನೂ ಕಾಲಾಳುಗಳನ್ನೂ ಅಲ್ಲಿಯೇ ಬಿಟ್ಟು, ಕೆಲವೇ ರಾವುತರೊಡನೆ ಹೊಳೆ ದಾಟಿ, ಆನೇಕಲ್ಲಿಗೆ ಓಡಿದನು. ಬಿಟ್ಟುಹೋದವರಲ್ಲಿ ಬಾಲಕನಾದ ಟೀಪುವೂ ಇದ್ದನು. ಆನೇಕಲ್ಲಿನಲ್ಲಿದ್ದ ಭಾವಮೈದುನ ಇಸ್ಮಾಯಿಲ್ ಅಲಿಯು ಮುಂದಾಗಿ ಬೆಂಗಳೂರಿಗೆ ಧಾವಿಸಿದನು. ಇಲ್ಲಿಯ ಕಿಲ್ಲೇದಾರ ಕಬೀರ್ ಬೇಗನು ಹಳೆಯ ಗೆಳೆತನವನ್ನು ಮರೆಯಲಿಲ್ಲ. ನಂಬಿಕೆ ಸಾಲದ ಸಿಪಾಯಿಗಳನ್ನು ಹೊರಗಿಟ್ಟು ಬಾಗಿಲು ಹಾಕಿಸಿದನು. ಖಂಡೇರಾಯನ ಆಜ್ಞಾಪತ್ರವು ಬರುವ ವೇಳೆಗೆ ಕದಗಳು ಮುಚ್ಚಿದ್ದುವು. ಆ ಪತ್ರವು ಕೆಲವು ಗಳಿಗೆ ಮೊದಲೇ ತಲಪಿದ್ದರೆ ನಮ್ಮ ನಾಡಿನ ಚರಿತ್ರೆಯೇ ಬೇರೆಯಾಗುತ್ತಿದ್ದಿತು. ಹೈದರನು ಒಳಹೊಕ್ಕು, ಬೆಂಗಳೂರಿನ ಸಾಹುಕಾರರಿಂದ ತನ್ನ ಮಾತಿನ ಮೇಲೆಯೇ ಸಾಲವೆತ್ತಿ, ಹೊಸ ದಂಡು ಕೂಡಿಸಿದನು.

ಮುಂದಿನ ಕಾಳಗದಲ್ಲಿ, ನಂಜನಗೂಡಿನ ಬಳಿ, ಅವನೇ ಸೋತನು. ಆಗ ಅವನು ತಾನು ಕೆಳಗಿಳಿಸಿದ ನಂಜರಾಜಯ್ಯನ ಕಾಲಿಗೇ ಬಿದ್ದು ಕ್ಷಮೆ ಬೇಡಿದನು. ವೃದ್ಧನ ಮನಸ್ಸು ಕರಗಿತು. ಬಳಿಕ ನಂಜರಾಜಯ್ಯನ ಮುದ್ರೆಯ ಕಾಗದಗಳು ಕಟ್ಟೆಮಳಲವಾಡಿಯಲ್ಲಿದ್ದ ಖಂಡೇರಾಯನ ಸರದಾರರ ಹೆಸರಿಗೆ ಹೊರಟುವು: ‘ಮೊದಲೇ ಮಾತಾದಂತೆ ಅವನನ್ನು ಹಿಡಿದುಕೊಡಿರಿ’ ಎಂಬುದು ಅವುಗಳ ತಾತ್ಪರ್ಯ. ಕಾಗದಗಳು ಸೇರಬೇಕಾದವರಿಗೆ ಸೇರದೆ, ಹೂಟದಂತೆ ಖಂಡೇರಾಯನ ಕೈಗೇ ಸಿಕ್ಕಿದುವು. ತನ್ನವರೆಲ್ಲ ದ್ರೋಹಿಗಳೆಂದು ಬೆದರಿ ಅವನು ಕುದುರೆಯೇರಿ ಪಟ್ಟಣಕ್ಕೆ ಓಡಿದನು. ನಾಯಕನಿಲ್ಲದ ದಂಡು ಚೆದರಿತು.

1761ರಲ್ಲಿ ಅರಸರು ಮಣಿದರು. ಖಂಡೇರಾಯನ ಪ್ರಾಣವನ್ನುಳಿಸೆಂದು ಅರಮನೆಯವರು ಬೇಡಿದಾಗ, ಗಿಳಿಯಂತೆ ಸಾಕುವೆನೆಂದು ಹೈದರನು ಮಾತುಕೊಟ್ಟನಂತೆ. ಕಬ್ಬಿಣದ ಪಂಜರದಲ್ಲಿಟ್ಟು ಹಾಲುಅನ್ನವಿಕ್ಕಿ ಆ ಮಾತನ್ನು ಅಕ್ಷರಶಃ ನಡೆಸಿದನು! ಬೆಂಗಳೂರಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಲು ತೊಡಗಿದ್ದೂ ಆ ವರ್ಷವೇ. ತನ್ನನ್ನು ಉಳಿಸಿದ ಗೋಡೆಯ ಬೆಲೆಯನ್ನು ಅವನಷ್ಟು ಬಲ್ಲವರಾರು?

1763ರಲ್ಲಿ ಬಿದನೂರನ್ನು ಗೆದ್ದು ಮಂಗಳೂರಿನ ರೇವು ದೊರೆತ ಮೇಲೆ ಅವನು ಯುದ್ಧದ ಹಡಗುಗಳನ್ನೂ ಕಟ್ಟಿಸಿದನು. 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ನೌಕಾಧಿಪತಿ ಹ್ಯೂಸನು ಅವನ್ನು ಆ ರೇವಿನಲ್ಲಿಯೇ ನಾಶಮಾಡಿದನು.

ಇಲ್ಲಿ ಸ್ವಾಮಿದ್ರೋಹಿ ಯಾರು? ಅನ್ನವಿಟ್ಟವನಿಗೆ ತಿರುಗಿಬಿದ್ದ ಖಂಡೇರಾಯನೋ, ಅರಸರ ಅಧಿಕಾರವನ್ನು ಕಿತ್ತುಕೊಂಡ ಹೈದರನೋ? ಖಂಡೇರಾಯನು ಅರಸರಿಗೆ ನಿಷ್ಠನಾಗಲು ಹೈದರನಿಗೆ ತಪ್ಪಬೇಕಾಯಿತು. ಕಬೀರ್ ಬೇಗನು ಗೆಳೆಯನಿಗೆ ನಿಷ್ಠನಾಗಲು ಅರಸರಿಗೆ ತಪ್ಪಬೇಕಾಯಿತು. ಹೊರಗಿನ ವೈರಿಯೊಡನೆ ಕಾದುವಾಗ ಸಿಪಾಯಿಗೆ ಈ ಸಂಕಟವಿಲ್ಲ. ಅಂದು ಎರಡು ಪಾಳೆಯಗಳಲ್ಲಿದ್ದವರೂ ಒಂದೇ ಬೊಕ್ಕಸದ ಸಂಬಳ ಉಂಡವರು. ಅವರಲ್ಲಿ ಸತ್ತವರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಮನೆಯೊಡೆದ ಜಗಳದಲ್ಲಿ ಗೆದ್ದವನಿಗೆ ಕೋಟೆಯುಂಟು, ಸೋತವನಿಗೆ ಪಂಜರವುಂಟು. ನಡುವೆ ಬಿದ್ದವರಿಗೆ ಲೆಕ್ಕವಿಲ್ಲ.